ಅಮೆರಿಕದ ಇತಿಹಾಸ: ಇಸವಿ ಸರಿ, ಕಾರಣ ಎಲ್ಲಿ?

ಈ ಬಾರಿ ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳಿಂದ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಅಮೆರಿಕದ ಸ್ವಾತಂತ್ರ್ಯ ಯುದ್ಧದ ಪಾಠದ ಮೇಲೆಯೇ. ಒಂಬತ್ತನೇ ತರಗತಿಯವರಿಗೂ ಪ್ರಥಮ ಪಿಯುನವರಿಗೂ ಈ ಪಾಠ ಇದೆ. ಇತಿಹಾಸ ಬೋಧಿಸುವವರು ಉತ್ತರಿಸಿದ್ದಾರೆ.

ಪ್ರಶ್ನೆ: “ಅಮೆರಿಕದ ಸ್ವಾತಂತ್ರ್ಯ ಯುದ್ಧಕ್ಕೆ ಕಾರಣಗಳೇನು?” ಎಂಬ 10 ಅಂಕದ ಪ್ರಶ್ನೆಗೆ ಗೈಡಿನಲ್ಲಿದ್ದ ಅಷ್ಟೂ ಕಾರಣಗಳನ್ನು ತಲೆಬರಹ ಹಾಕಿ ಬರೆದೆ. ಬಂದದ್ದು 5. ಒಂದು ಇಸವಿಯೂ ತಪ್ಪಿಲ್ಲ. ಅಂಕ ಹೋದದ್ದೆಲ್ಲಿ?
– ಪ್ರಥಮ ಪಿಯು ವಿದ್ಯಾರ್ಥಿನಿ, ಪಿ.ಜೆ. ಬಡಾವಣೆ, ದಾವಣಗೆರೆ

ಉತ್ತರ: ನೀವು ಕಳಿಸಿರುವ ಉತ್ತರದ ಪ್ರತಿಯಿಂದಲೇ ನಾಲ್ಕು ಸಾಲು ತೆಗೆದುಕೊಳ್ಳೋಣ. “1765ರಲ್ಲಿ ಸ್ಟಾಂಪ್ ಕಾಯ್ದೆ ಜಾರಿಗೆ ಬಂತು. ಇದನ್ನು ಜನರು ವಿರೋಧಿಸಿದರು. 1767ರಲ್ಲಿ ಟೌನ್‌ಶೆಂಡ್ ಕಾಯ್ದೆ ಜಾರಿಗೆ ಬಂತು. ಇದನ್ನೂ ಜನರು ವಿರೋಧಿಸಿದರು.” ಎಲ್ಲವೂ ನಿಜ. ಆದರೆ ಬ್ರಿಟಿಷರು ತೆರಿಗೆ ಹಾಕಿದ್ದೇಕೆ, ಜನ ಸಿಟ್ಟಾದದ್ದೇಕೆ, ಒಂದು ಕಾಯ್ದೆ ರದ್ದಾದ ಮೇಲೂ ಇನ್ನೊಂದು ಬಂದದ್ದೇಕೆ ಎಂಬುದು ಇದರಲ್ಲಿ ಎಲ್ಲೂ ಇಲ್ಲ. ಕೇಳಿದ್ದು ಕಾರಣ, ನೀವು ಕೊಟ್ಟದ್ದು ಘಟನೆಗಳ ಪಟ್ಟಿ.

ಇಡೀ ಉತ್ತರವನ್ನು ಸಾಲದಿಂದ ಶುರು ಮಾಡಿ. 1763ರಲ್ಲಿ ಫ್ರಾನ್ಸ್ ಜೊತೆಗಿನ ಏಳು ವರ್ಷಗಳ ಯುದ್ಧ ಮುಗಿದಾಗ ಬ್ರಿಟನ್ ಗೆದ್ದಿತ್ತು, ಕೆನಡಾ ಅದರ ಕೈಸೇರಿತ್ತು. ಆದರೆ ಸರ್ಕಾರದ ಸಾಲ ಹೆಚ್ಚುಕಡಿಮೆ ಇಮ್ಮಡಿಯಾಗಿತ್ತು. ಅದರ ಮೇಲೆ ಅಮೆರಿಕದಲ್ಲಿ ಸುಮಾರು ಹತ್ತು ಸಾವಿರ ಸೈನಿಕರನ್ನು ಇಟ್ಟುಕೊಳ್ಳುವ ಯೋಚನೆ. ವಸಾಹತುಗಳ ರಕ್ಷಣೆಗೆ ಆದ ಖರ್ಚಿನಲ್ಲಿ ವಸಾಹತುಗಳೂ ಪಾಲು ಕೊಡಲಿ ಎಂಬುದು ಲಂಡನ್ನಿನ ಲೆಕ್ಕ. ಅತ್ತ ಅಮೆರಿಕದವರಿಗೆ ಫ್ರೆಂಚರ ಭಯವೇ ಹೋಗಿತ್ತು, ಇನ್ನು ಬ್ರಿಟಿಷ್ ಸೈನ್ಯ ಏಕೆ ಬೇಕು? ಯುದ್ಧದಲ್ಲಿ ಗೆದ್ದ ಜಮೀನಿಗೆ ಹೋಗೋಣವೆಂದರೆ, ಅಪಲೇಷಿಯನ್ ಪರ್ವತದ ಆಚೆ ನೆಲೆಸಬಾರದು ಎಂದು ಅದೇ 1763ರಲ್ಲಿ ರಾಜಾಜ್ಞೆ ಬಂತು. ಈ ಒಂದು ಇಸವಿಯಲ್ಲೇ ಮೂರು ಕಾರಣ ಇವೆ: ಸಾಲ, ಫ್ರೆಂಚರ ಭಯ ಹೋದದ್ದು, ಭೂಮಿಯ ಮೇಲಿನ ನಿರ್ಬಂಧ. ಹೆಚ್ಚಿನ ಉತ್ತರಪತ್ರಿಕೆಗಳು 1763ನ್ನು ಮುಟ್ಟದೆ ನೇರ 1765ಕ್ಕೆ ಹಾರುತ್ತವೆ. ಅಂಕ ಸೋರಲು ಶುರುವಾಗುವುದು ಅಲ್ಲಿಂದಲೇ.

ಮುಂದಿನದು ಒಂದರ ಹಿಂದೆ ಒಂದು ತಾನಾಗಿ ಬರುತ್ತದೆ. ಸಾಲ ತೀರಿಸಬೇಕು, ಆದ್ದರಿಂದ 1764ರಲ್ಲಿ ಸಕ್ಕರೆ ಕಾಯ್ದೆ, 1765ರಲ್ಲಿ ಸ್ಟಾಂಪ್ ಕಾಯ್ದೆ. ಸ್ಟಾಂಪ್ ಕಾಯ್ದೆ ಯಾರಿಗೆ ತಟ್ಟಿತು ಎಂದು ಒಂದು ಸಾಲು ಬರೆಯಲೇಬೇಕು. ಕೋರ್ಟಿನ ಕಾಗದ, ಪತ್ರಿಕೆ, ಕರಪತ್ರ, ಪಂಚಾಂಗ, ಇಸ್ಪೀಟೆಲೆ ಎಲ್ಲದಕ್ಕೂ ಮುದ್ರೆ ಬೇಕಾಯಿತು. ಅಂದರೆ ಊರಲ್ಲಿ ಬಾಯಿ ಇದ್ದವರಿಗೇ, ವಕೀಲರಿಗೆ, ಮುದ್ರಕರಿಗೆ, ವರ್ತಕರಿಗೆ, ಏಟು ಬಿತ್ತು. ಅವರು ಸುಮ್ಮನಿದ್ದಾರೆಯೇ? ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ನಮ್ಮ ಪ್ರತಿನಿಧಿ ಒಬ್ಬನೂ ಇಲ್ಲ, ಪ್ರಾತಿನಿಧ್ಯವಿಲ್ಲದೆ ತೆರಿಗೆ ಇಲ್ಲ ಎಂದರು. ಅದೇ ವರ್ಷ ಒಂಬತ್ತು ವಸಾಹತುಗಳ ಪ್ರತಿನಿಧಿಗಳು ನ್ಯೂಯಾರ್ಕಿನಲ್ಲಿ ಸೇರಿದರು, ಬ್ರಿಟಿಷ್ ಸರಕಿಗೆ ಬಹಿಷ್ಕಾರ ಬಿತ್ತು. ವ್ಯಾಪಾರ ಕೆಟ್ಟ ಲಂಡನ್ನಿನ ವರ್ತಕರೇ ಒತ್ತಡ ತಂದರು, 1766ರಲ್ಲಿ ಕಾಯ್ದೆ ರದ್ದಾಯಿತು.

ಇಲ್ಲಿ ಒಂದು ಕೊಂಡಿ ಇದೆ, ಗೈಡುಗಳು ಅದನ್ನು ನುಂಗಿಬಿಡುತ್ತವೆ. ಕಾಯ್ದೆ ರದ್ದು ಮಾಡಿದ ಕೈಯಲ್ಲೇ ಪಾರ್ಲಿಮೆಂಟು ‘ಘೋಷಣಾ ಕಾಯ್ದೆ’ಯನ್ನೂ ತಂದು, ವಸಾಹತುಗಳಿಗೆ ಯಾವ ಕಾನೂನು ಬೇಕಾದರೂ ಮಾಡುವ ಅಧಿಕಾರ ನಮಗಿದೆ ಎಂದು ಸಾರಿತು. ತೆರಿಗೆ ಹೋಯಿತು, ಹಕ್ಕಿನ ಜಗಳ ಉಳಿಯಿತು. ಆದ್ದರಿಂದಲೇ 1767ರಲ್ಲಿ ಗಾಜು, ಸೀಸ, ಬಣ್ಣ, ಕಾಗದ, ಚಹಾದ ಮೇಲೆ ಟೌನ್‌ಶೆಂಡ್ ತೆರಿಗೆ ಬಂತು. ಮತ್ತೆ ಬಹಿಷ್ಕಾರ. ಬಾಸ್ಟನ್ನಿಗೆ ಸೈನ್ಯ ಬಂತು. 1770ರ ಮಾರ್ಚ್‌ನಲ್ಲಿ ಗೋಲಿಬಾರಿಗೆ ಐವರು ಸತ್ತರು. ಆ ವರ್ಷವೇ ಚಹಾ ಒಂದನ್ನು ಬಿಟ್ಟು ಉಳಿದೆಲ್ಲ ತೆರಿಗೆ ಹಿಂತೆಗೆದುಕೊಂಡರು. ಚಹಾದ್ದು ಏಕೆ ಉಳಿಯಿತು? ಹಣಕ್ಕಲ್ಲ, ಹಕ್ಕು ನಮ್ಮದೆಂದು ತೋರಿಸಲು. ಈ ಒಂದು ವಾಕ್ಯ ಬರೆದರೆ 1773ರಲ್ಲಿ ಬಾಸ್ಟನ್ನಿನವರು ಚಹಾವನ್ನು ಸಮುದ್ರಕ್ಕೆಸೆದ ಘಟನೆಗೆ ಬೇರೆ ಪೀಠಿಕೆ ಬೇಡ.

ಈಗ ನಿಮ್ಮ ಅದೇ ನಾಲ್ಕು ಸಾಲನ್ನು ತಿದ್ದಿದರೆ ಹೀಗಾಗುತ್ತದೆ: “ಯುದ್ಧದ ಸಾಲ ತೀರಿಸಲು ಬ್ರಿಟನ್ 1765ರಲ್ಲಿ ಸ್ಟಾಂಪ್ ಕಾಯ್ದೆ ತಂದಿತು. ಪಾರ್ಲಿಮೆಂಟಿನಲ್ಲಿ ತಮ್ಮ ಪ್ರತಿನಿಧಿಗಳಿಲ್ಲದ್ದರಿಂದ ವಸಾಹತುಗಳು ಅದನ್ನು ಒಪ್ಪಲಿಲ್ಲ. ಬಹಿಷ್ಕಾರಕ್ಕೆ ಮಣಿದು ಕಾಯ್ದೆ ರದ್ದಾದರೂ ತೆರಿಗೆ ಹಾಕುವ ಹಕ್ಕನ್ನು ಬ್ರಿಟನ್ ಬಿಡಲಿಲ್ಲ. ಆದ್ದರಿಂದ 1767ರಲ್ಲಿ ಟೌನ್‌ಶೆಂಡ್ ಕಾಯ್ದೆ ಬಂತು.” ಸಾಲುಗಳ ಸಂಖ್ಯೆ ಅಷ್ಟೇ ಇದೆ ನೋಡಿ.

ನೌಕಾಯಾನ ಕಾಯ್ದೆಗಳು (ವಸಾಹತುಗಳ ವ್ಯಾಪಾರವನ್ನು ಬ್ರಿಟಿಷ್ ಹಡಗುಗಳಿಗೆ ಕಟ್ಟಿಹಾಕಿದ ಕಾನೂನುಗಳು), ಚಿಂತಕರ ಪ್ರಭಾವ ಇವೂ ಕಾರಣಗಳೇ, ಬಿಡಬೇಡಿ. ಆದರೆ ಎರಡೆರಡು ಸಾಲು ಸಾಕು. ಚಿಂತಕರ ಪೈಕಿ ಥಾಮಸ್ ಪೇನ್‌ನ ‘ಕಾಮನ್ ಸೆನ್ಸ್’ ಕಿರುಹೊತ್ತಿಗೆ ಬಂದದ್ದು 1776ರ ಜನವರಿಯಲ್ಲಿ, ಯುದ್ಧದ ಮೊದಲ ಗುಂಡು ಹಾರಿ ಒಂಬತ್ತು ತಿಂಗಳಾದ ಮೇಲೆ. ಅದು ಯುದ್ಧದ ಕಾರಣ ಅಲ್ಲ, ಯುದ್ಧವನ್ನು ಪೂರ್ಣ ಸ್ವಾತಂತ್ರ್ಯದ ಕಡೆ ತಿರುಗಿಸಿದ್ದು. ಕಾರಣಗಳ ಪಟ್ಟಿಯಲ್ಲಿ ಅದನ್ನು ಮೊದಲಿಗೆ ಹಾಕುವವರು ಬಹಳ ಮಂದಿ.

ಪ್ರಶ್ನೆ: “ಬ್ರಿಟಿಷರು ಚಹಾದ ತೆರಿಗೆ ಹೆಚ್ಚಿಸಿದ್ದರಿಂದ ಬಾಸ್ಟನ್ನಿನ ಜನ ಭಾರತದ ಚಹಾವನ್ನು ಸಮುದ್ರಕ್ಕೆಸೆದರು” ಎಂದು ಹೋಂವರ್ಕಿನಲ್ಲಿ ಬರೆದಿದ್ದೆ. ಮೇಷ್ಟ್ರು ಎರಡು ಕಡೆ ಕೆಂಪು ಗೆರೆ ಎಳೆದಿದ್ದಾರೆ. ತಪ್ಪೇನು?
– ಒಂಬತ್ತನೇ ತರಗತಿ ವಿದ್ಯಾರ್ಥಿ, ಚಳ್ಳಕೆರೆ

ಉತ್ತರ: ಮೇಷ್ಟ್ರು ಗೆರೆ ಎಳೆದದ್ದು ಸರಿಯಾಗಿಯೇ ಇದೆ. 1773ರ ಚಹಾ ಕಾಯ್ದೆ ತೆರಿಗೆಯನ್ನು ಹೆಚ್ಚಿಸಲಿಲ್ಲ. ಅದರಿಂದ ಚಹಾ ಅಗ್ಗವಾಯಿತು! ಈಸ್ಟ್ ಇಂಡಿಯಾ ಕಂಪನಿಯ ಗೋದಾಮಿನಲ್ಲಿ ಚಹಾ ಕೊಳೆಯುತ್ತಿತ್ತು, ಕಂಪನಿ ದಿವಾಳಿಯ ಅಂಚಿನಲ್ಲಿತ್ತು. ಅದನ್ನು ಉಳಿಸಲು ಪಾರ್ಲಿಮೆಂಟು, ಕಂಪನಿ ತನ್ನ ಏಜೆಂಟರ ಮೂಲಕ ಚಹಾವನ್ನು ನೇರ ಅಮೆರಿಕಕ್ಕೆ ಮಾರಲಿ, ಇಂಗ್ಲೆಂಡಿನಲ್ಲಿ ಕಟ್ಟುವ ಸುಂಕ ಬೇಡ ಎಂದಿತು. ಅಮೆರಿಕದಲ್ಲಿ ಕಟ್ಟಬೇಕಾದ ಪೌಂಡ್ ತೂಕಕ್ಕೆ 3 ಪೆನ್ಸಿನ ಹಳೆಯ ಟೌನ್‌ಶೆಂಡ್ ತೆರಿಗೆ ಮಾತ್ರ ಹಾಗೇ ಉಳಿಯಿತು. ಹೀಗಾಗಿ ಕಳ್ಳಸಾಗಣೆಯ ಡಚ್ ಚಹಾಕ್ಕಿಂತಲೂ ಕಂಪನಿ ಚಹಾ ಸೋವಿಯಾಗುವಂತಿತ್ತು. ಅಗ್ಗದ ಚಹಾ ಕುಡಿದರೆ ಪಾರ್ಲಿಮೆಂಟಿನ ತೆರಿಗೆ ಹಕ್ಕನ್ನು ಒಪ್ಪಿದಂತಾಯಿತಲ್ಲ ಎಂಬುದು ಜನರ ಸಿಟ್ಟಿಗೆ ಒಂದು ಕಾರಣ. ವ್ಯಾಪಾರವೆಲ್ಲ ಕಂಪನಿಯ ಪಾಲಾಗುತ್ತದೆ ಎಂಬುದು ಸ್ಥಳೀಯ ವರ್ತಕರ, ಕಳ್ಳಸಾಗಣೆದಾರರ ಹೆದರಿಕೆ. ಎರಡನ್ನೂ ಬರೆಯಿರಿ.

ಎರಡನೇ ಗೆರೆ ಚಹಾದ ಊರಿನದು. ಕಂಪನಿ ಎಂದೊಡನೆ ಅಸ್ಸಾಂ ನೆನಪಾಗುತ್ತದೆ. ಆದರೆ ಅಸ್ಸಾಂನ ಚಹಾ ತೋಟಗಳು ಬಂದದ್ದು 19ನೇ ಶತಮಾನದಲ್ಲಿ. ಬಾಸ್ಟನ್ ಬಂದರಿನ ನೀರಿಗೆ ಬಿದ್ದದ್ದು ಚೀನಾದಿಂದ ತಂದ ಚಹಾ.

1773ರ ಡಿಸೆಂಬರ್ 16ರ ರಾತ್ರಿ, ಮೊಹಾಕ್ ಮೂಲನಿವಾಸಿಗಳ ವೇಷ ತೊಟ್ಟ ಗುಂಪು, ಮೂರು ಹಡಗು, 342 ಪೆಟ್ಟಿಗೆ: ಘಟನೆಗೆ ಇಷ್ಟು ವಿವರ ಸಾಕು. ಅದಕ್ಕಿಂತ ಮುಖ್ಯ, ಆಮೇಲೇನಾಯಿತು ಎಂಬುದು. ನಷ್ಟ ತುಂಬಿಕೊಡುವವರೆಗೆ ಬಾಸ್ಟನ್ ಬಂದರನ್ನು 1774ರಲ್ಲಿ ಮುಚ್ಚಿದರು, ಮ್ಯಾಸಚೂಸೆಟ್ಸಿನ ಸ್ವಯಮಾಡಳಿತಕ್ಕೆ ಕತ್ತರಿ ಹಾಕಿದರು. ಒಂದು ವಸಾಹತಿಗೆ ಕೊಟ್ಟ ಶಿಕ್ಷೆ ಉಳಿದವರನ್ನೂ ಹೆದರಿಸಿತು. ಅದೇ ಸೆಪ್ಟೆಂಬರಿನಲ್ಲಿ ಫಿಲಡೆಲ್ಫಿಯಾದಲ್ಲಿ ವಸಾಹತುಗಳ ಪ್ರತಿನಿಧಿಗಳ ಸಭೆಯಾದ ಮೊದಲ ಖಂಡೀಯ ಕಾಂಗ್ರೆಸ್ ಸೇರಿತು. ಅಲ್ಲಿಗೆ ಬಂದದ್ದು 12 ವಸಾಹತುಗಳು, ಜಾರ್ಜಿಯಾ ಬರಲಿಲ್ಲ. ಒಂದು ಅಂಕದ ಪ್ರಶ್ನೆಯಲ್ಲಿ 13 ಎಂದು ಬರೆದು ಬರಬೇಡಿ.

ಪ್ರಶ್ನೆ: ಮಗಳು ಇಸವಿಗಳನ್ನು ರಾತ್ರಿ ಬಾಯಿಪಾಠ ಒಪ್ಪಿಸುತ್ತಾಳೆ, ಬೆಳಿಗ್ಗೆ ಎದ್ದರೆ ಕಲಸುಮೇಲೋಗರ. ಎಷ್ಟು ಇಸವಿ ಬೇಕೇ ಬೇಕು? ಹೇಗೆ ಓದಿಸಲಿ?
– ತಾಯಿ, ಹರಿಹರ

ಉತ್ತರ: ವಸಾಹತುಗಳು 13, ಇಸವಿಗಳೂ 13 ಸಾಕಮ್ಮಾ. 1763, 1765, 1767, 1770, 1773, 1774 ಯುದ್ಧಕ್ಕೆ ಮುಂಚಿನವು. 1775ರಲ್ಲಿ ಲೆಕ್ಸಿಂಗ್ಟನ್ನಿನಲ್ಲಿ ಯುದ್ಧ ಶುರು. 1776 ಸ್ವಾತಂತ್ರ್ಯ ಘೋಷಣೆ. 1777 ಸರಟೋಗದಲ್ಲಿ ಬ್ರಿಟಿಷರ ಶರಣಾಗತಿ, ಅದನ್ನು ನೋಡಿಯೇ ಮರುವರ್ಷ ಫ್ರಾನ್ಸ್ ಅಮೆರಿಕದ ಜೊತೆ ಒಪ್ಪಂದ ಮಾಡಿಕೊಂಡಿತು. 1781 ಯಾರ್ಕ್‌ಟೌನಿನಲ್ಲಿ ಕಾರ್ನ್‌ವಾಲಿಸ್ ಶರಣು. 1783 ಪ್ಯಾರಿಸ್ ಒಪ್ಪಂದ. 1787 ಸಂವಿಧಾನ ರಚನೆ, 1789 ವಾಷಿಂಗ್ಟನ್ ಅಧ್ಯಕ್ಷ. ತಿಂಗಳು, ತಾರೀಕು ಸಮೇತ ಬೇಕಾದದ್ದು 1773ರ ಡಿಸೆಂಬರ್ 16 ಮತ್ತು 1776ರ ಜುಲೈ 4 ಮಾತ್ರ.

ನೋಡಿಕೊಂಡು ಹತ್ತು ಸಲ ಓದಿಸುವುದನ್ನು ನಿಲ್ಲಿಸಿ. ಓದುವಾಗ ಎಲ್ಲ ಗೊತ್ತಿದ್ದಂತೆಯೇ ಅನ್ನಿಸುತ್ತದೆ, ಮೋಸ ಆಗುವುದೇ ಅಲ್ಲಿ. ಒಂದು ಸಲ ಓದಿಸಿ, ಪುಸ್ತಕ ಮುಚ್ಚಿಸಿ, ಖಾಲಿ ಹಾಳೆಯ ಎಡಗಡೆ 13 ಇಸವಿ, ಬಲಗಡೆ ಘಟನೆ, ಎರಡು ಇಸವಿಗಳ ನಡುವೆ ‘ಏಕೆಂದರೆ’ ಅಥವಾ ‘ಆದ್ದರಿಂದ’ ಎಂದು ಅರ್ಧ ಸಾಲು ಬರೆಸಿ. ನೆನಪಾಗದ ಕಡೆ ಖಾಲಿ ಬಿಡಲಿ. ಆಮೇಲೆ ಪುಸ್ತಕ ತೆಗೆದು ಖಾಲಿ ಜಾಗವನ್ನು ಕೆಂಪು ಶಾಯಿಯಲ್ಲಿ ತುಂಬಲಿ. ಮಾರನೇ ದಿನ, ನಾಲ್ಕನೇ ದಿನ, ಹನ್ನೊಂದನೇ ದಿನ ಮತ್ತೆ ಹೊಸ ಹಾಳೆ. ಒಂದು ಸುತ್ತಿಗೆ ಹದಿನೈದು ನಿಮಿಷಕ್ಕಿಂತ ಹೆಚ್ಚು ಹಿಡಿಯಬಾರದು. ಕೆಂಪು ಎಲ್ಲೆಲ್ಲಿ ಮತ್ತೆ ಮತ್ತೆ ಬೀಳುತ್ತದೋ ಅಷ್ಟನ್ನೇ ಪರೀಕ್ಷೆಯ ಹಿಂದಿನ ದಿನ ನೋಡಿದರಾಯಿತು.

ಮಕ್ಕಳು ಅದಲುಬದಲು ಮಾಡುವ ಜೋಡಿಗಳು ಪ್ರತಿವರ್ಷವೂ ಅವೇ. ಪ್ಯಾರಿಸ್ ಒಪ್ಪಂದ ಎರಡಿವೆ: 1763ರದ್ದು ಏಳು ವರ್ಷಗಳ ಯುದ್ಧದ್ದು, 1783ರದ್ದು ಸ್ವಾತಂತ್ರ್ಯದ್ದು. ಸ್ವಾತಂತ್ರ್ಯ ಘೋಷಿಸಿದ್ದು 1776, ಬ್ರಿಟನ್ ಅದನ್ನು ಒಪ್ಪಿದ್ದು 1783. ವಾಷಿಂಗ್ಟನ್ ಸೇನಾಪತಿಯಾದದ್ದು 1775, ಅಧ್ಯಕ್ಷನಾದದ್ದು 1789. ಘೋಷಣೆಯ ಕರಡು ಬರೆದವನು ಜೆಫರ್ಸನ್, ವಾಷಿಂಗ್ಟನ್ ಅಲ್ಲ.

ಪ್ರಶ್ನೆ: ಸ್ವಾತಂತ್ರ್ಯ ಯುದ್ಧವೂ ಲಿಂಕನ್ನನ ಕಾಲದ ಯುದ್ಧವೂ ಒಂದೇ ಏನು?
– ವಿದ್ಯಾರ್ಥಿ, ಜಗಳೂರು

ಉತ್ತರ: ಅಲ್ಲ. ಮೊದಲನೆಯದು ಬ್ರಿಟನ್ನಿನ ವಿರುದ್ಧ, 1775ರಿಂದ 1783. ಎರಡನೆಯದು ಅಮೆರಿಕದ ಉತ್ತರ ಮತ್ತು ದಕ್ಷಿಣ ರಾಜ್ಯಗಳ ನಡುವಿನ ಅಂತರ್ಯುದ್ಧ, 1861ರಿಂದ 1865. ಗುಲಾಮಗಿರಿಯ ಪ್ರಶ್ನೆ ಅದರ ಮೂಲ. ‘ಎಲ್ಲ ಮನುಷ್ಯರೂ ಸಮಾನರು’ ಎಂದು 1776ರಲ್ಲಿ ಸಾರಿದ ನಾಡಿನಲ್ಲಿ ಗುಲಾಮಗಿರಿ ದೇಶದುದ್ದಕ್ಕೂ ರದ್ದಾದದ್ದು 1865ರಲ್ಲಿ ಸಂವಿಧಾನಕ್ಕೆ ತಂದ 13ನೇ ತಿದ್ದುಪಡಿಯಿಂದ. ಸ್ವಾತಂತ್ರ್ಯ ಯುದ್ಧದ ಪರಿಣಾಮಗಳನ್ನು ಬರೆಯುವಾಗ ಈ ಕೊರತೆಯನ್ನೂ ಒಂದು ಸಾಲಿನಲ್ಲಿ ಸೇರಿಸಿ.

ಪ್ರಶ್ನೆ: ‘ಅಮೆರಿಕದ ಕ್ರಾಂತಿಯ ಕಾಲದಲ್ಲಿ ನಮ್ಮ ನಾಡು’ ಎಂದು ಪ್ರಾಜೆಕ್ಟ್ ಕೊಟ್ಟಿದ್ದಾರೆ. ಅಮೆರಿಕಕ್ಕೂ ಚಿತ್ರದುರ್ಗಕ್ಕೂ ಎಲ್ಲಿಯ ಸಂಬಂಧ? ಏನು ಬರೆಯಲಿ?
– ಪ್ರಥಮ ಪಿಯು ವಿದ್ಯಾರ್ಥಿ, ಚಿತ್ರದುರ್ಗ

ಉತ್ತರ: ಒಳ್ಳೆಯ ವಿಷಯವನ್ನೇ ಕೊಟ್ಟಿದ್ದಾರೆ, ಇಂಥ ಪ್ರಾಜೆಕ್ಟ್ ಅಂಗಡಿಯಲ್ಲಿ ರೆಡಿ ಸಿಗುವುದಿಲ್ಲ. ಚಾರ್ಟ್ ಹಾಳೆಯ ಉದ್ದ ಸುಮಾರು 70 ಸೆಂ.ಮೀ. ಇರುತ್ತದೆ. ಅಡ್ಡಲಾಗಿ ಇಟ್ಟು ಎರಡು ಸಮಾನಾಂತರ ಗೆರೆ ಎಳೆಯಿರಿ, ಮೇಲಿನದು ಅಮೆರಿಕ, ಕೆಳಗಿನದು ಮೈಸೂರು ಸೀಮೆ. ವರ್ಷಕ್ಕೆ 2 ಸೆಂ.ಮೀ. ಹಿಡಿದರೆ 1763ರಿಂದ 1792ರವರೆಗೆ 58 ಸೆಂ.ಮೀ. ಆಗುತ್ತದೆ, ಎರಡೂ ಬದಿ ಅಂಚು ಉಳಿಯುತ್ತದೆ. ಕೆಲವರು ಮಧ್ಯದಲ್ಲಿ ಅಳತೆ ಬದಲಿಸುತ್ತಾರೆ. ಆಗ ಮೇಲಿನ 1779ರ ಕೆಳಗೆ 1782 ಬಂದು ಚಾರ್ಟಿನ ಉದ್ದೇಶವೇ ಕೆಡುತ್ತದೆ. ಪೆನ್ಸಿಲ್ಲಿನಲ್ಲಿ ಮೊದಲು 30 ಗುರುತನ್ನೂ ಹಾಕಿಕೊಂಡು ಆಮೇಲೆ ಬರೆಯಿರಿ.

ಏನು ತುಂಬಬೇಕು? 1778ರಲ್ಲಿ ಫ್ರಾನ್ಸ್ ಅಮೆರಿಕದ ಪರ ನಿಂತಿತು. ಆದ್ದರಿಂದ ಇಲ್ಲಿಯೂ ಬ್ರಿಟಿಷರು ಫ್ರೆಂಚರ ನೆಲೆಗಳ ಮೇಲೆ ಬಿದ್ದರು, 1778ರಲ್ಲಿ ಪಾಂಡಿಚೇರಿ, 1779ರಲ್ಲಿ ಮಾಹೆ. ಮಾಹೆ ಹೈದರಾಲಿಗೆ ಯುದ್ಧಸಾಮಗ್ರಿ ಬರುತ್ತಿದ್ದ ಬಂದರು. ಅದು ಹೋದದ್ದು 1780ರಲ್ಲಿ ಎರಡನೇ ಆಂಗ್ಲೋ-ಮೈಸೂರು ಯುದ್ಧಕ್ಕೆ ಒಂದು ಕಾರಣ. ಮೇಲಿನ ಗೆರೆಯಿಂದ ಕೆಳಗಿನ ಗೆರೆಗೆ ಇಲ್ಲಿ ಬಾಣದ ಗುರುತು ಹಾಕಬಹುದು. 1783ರಲ್ಲಿ ಬ್ರಿಟನ್ ಮತ್ತು ಫ್ರಾನ್ಸ್ ರಾಜಿಯಾದ ಸುದ್ದಿ ಬಂದಾಗ ಟಿಪ್ಪುವಿನ ಜೊತೆಗಿದ್ದ ಫ್ರೆಂಚರು ಯುದ್ಧದಿಂದ ಹಿಂದೆ ಸರಿದರು, 1784ರಲ್ಲಿ ಮಂಗಳೂರು ಒಪ್ಪಂದವಾಯಿತು. ಇನ್ನೊಂದು ಬಾಣ ಇಲ್ಲಿ. ಮೂರನೆಯದು ಕಾರ್ನ್‌ವಾಲಿಸ್‌ನದು: 1781ರಲ್ಲಿ ಯಾರ್ಕ್‌ಟೌನಿನಲ್ಲಿ ಸೋತವನೇ 1786ರಲ್ಲಿ ಗವರ್ನರ್ ಜನರಲ್ ಆಗಿ ಬಂದು, 1792ರಲ್ಲಿ ಟಿಪ್ಪುವಿನಿಂದ ಅರ್ಧ ರಾಜ್ಯ ಕಿತ್ತುಕೊಂಡ. ಬಾಣ ಒಂದೇ ದಿಕ್ಕಿಗಲ್ಲ ಎಂದು ತೋರಿಸಲು ಇದೂ ಇರಲಿ: ಪೆನ್ಸಿಲ್ವೇನಿಯಾದವರು ಬ್ರಿಟಿಷರ ವಿರುದ್ಧ ಬಿಟ್ಟ ಒಂದು ಯುದ್ಧನೌಕೆಗೆ ಹೈದರಾಲಿಯ ಹೆಸರನ್ನೇ ಇಟ್ಟಿದ್ದರು. 1782ರ ಏಪ್ರಿಲ್‌ನಲ್ಲಿ ಅದು ‘ಜನರಲ್ ಮಂಕ್’ ಎಂಬ ಬ್ರಿಟಿಷ್ ಹಡಗನ್ನು ಸೆರೆಹಿಡಿಯಿತು.

ಚಿತ್ರದುರ್ಗದ ವಿಷಯಕ್ಕೆ ಬಂದಾಗ ಹುಷಾರು. ಹೈದರಾಲಿ ಮದಕರಿ ನಾಯಕನಿಂದ ಕೋಟೆಯನ್ನು ವಶಪಡಿಸಿಕೊಂಡದ್ದು 1779ರಲ್ಲಿ, ಮಾಹೆ ಬಿದ್ದ ವರ್ಷವೇ. ಆದರೆ ಅದರ ಕಾರಣ ಹೈದರ್, ಮರಾಠರು, ಪಾಳೆಯಗಾರರ ನಡುವಿನ ಇಲ್ಲಿಯ ಜಗಳ, ಅಮೆರಿಕವಲ್ಲ. ಕೆಳಗಿನ ಗೆರೆಯಲ್ಲಿ ದಪ್ಪಕ್ಷರದಲ್ಲಿ ಬರೆಯಿರಿ, ಬಾಣ ಮಾತ್ರ ಹಾಕಬೇಡಿ. ಒಂದೇ ವರ್ಷ ನಡೆದದ್ದು ಒಂದರಿಂದ ಒಂದು ನಡೆದದ್ದಲ್ಲ. ವೈವಾದಲ್ಲಿ ಕೇಳುವುದೂ ಇದನ್ನೇ. ಓಬವ್ವನ ಬಣ್ಣದ ಚಿತ್ರ ಅಂಟಿಸಲು ಕೈ ತುರಿಸುತ್ತದೆ, ಬೇರೆ ಪ್ರಾಜೆಕ್ಟಿಗೆ ಇಟ್ಟುಕೊಳ್ಳಿ. ಚಾರ್ಟಿನ ಜೊತೆ ಐದು ಪುಟದ ಬರಹ ಸಾಕು, ಒಂದೊಂದು ಬಾಣಕ್ಕೆ ಒಂದೊಂದು ಪುಟ, ಕೊನೆಯದು ಬಾಣ ಹಾಕದ್ದೇಕೆ ಎಂಬುದಕ್ಕೆ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. ಮೊಮ್ಮಗ ನ್ಯೂಜೆರ್ಸಿಯಲ್ಲಿ 11ನೇ ತರಗತಿ, ‘ಎಪಿ ಅಮೆರಿಕನ್ ಇತಿಹಾಸ’ ತೆಗೆದುಕೊಂಡಿದ್ದಾನೆ. ಏನೋ ಡಿಬಿಕ್ಯೂ ಅಂತೆ, ಅದೇ ಕಷ್ಟ ಅಂತಾನೆ. ಇಲ್ಲಿಂದ ಫೋನಿನಲ್ಲಿ ಏನಾದರೂ ಸಹಾಯ ಮಾಡಬಹುದೇ?
– ವಿದ್ಯಾನಗರ, ದಾವಣಗೆರೆ

ಉತ್ತರ: ಖಂಡಿತ ಮಾಡಬಹುದು ಮೇಷ್ಟ್ರೇ. ಎಪಿ ಅಂದರೆ ಅಮೆರಿಕದ ಹೈಸ್ಕೂಲಿನಲ್ಲೇ ಓದುವ ಕಾಲೇಜು ಮಟ್ಟದ ಪಾಠ. ಪರೀಕ್ಷೆ ಮೇ ತಿಂಗಳಲ್ಲಿ, ಈಗ ಪೂರ್ತಿ ಕಂಪ್ಯೂಟರಿನಲ್ಲೇ. 55 ಬಹು ಆಯ್ಕೆ ಪ್ರಶ್ನೆಗೆ 55 ನಿಮಿಷ, ಅದಕ್ಕೆ ಒಟ್ಟು ಅಂಕದ ಶೇ. 40. ಮೂರು ಕಿರು ಉತ್ತರಕ್ಕೆ 40 ನಿಮಿಷ, ಶೇ. 20. ಡಿಬಿಕ್ಯೂಗೆ 60 ನಿಮಿಷ, ಶೇ. 25. ದೀರ್ಘ ಪ್ರಬಂಧಕ್ಕೆ 40 ನಿಮಿಷ, ಶೇ. 15.

ಡಿಬಿಕ್ಯೂ ಅಂದರೆ ದಾಖಲೆ ಆಧರಿಸಿದ ಪ್ರಶ್ನೆ. ಭಾಷಣ, ಪತ್ರ, ವ್ಯಂಗ್ಯಚಿತ್ರ, ನಕ್ಷೆ, ಹೀಗೆ ಏಳು ದಾಖಲೆ ಕೊಡುತ್ತಾರೆ. ಓದಲು 15 ನಿಮಿಷ, ಬರೆಯಲು 45 ಎಂಬ ಲೆಕ್ಕ. 7 ಅಂಕ. ಸ್ಪಷ್ಟ ವಾದಕ್ಕೆ 1, ಹಿನ್ನೆಲೆಗೆ 1, ಕನಿಷ್ಠ ನಾಲ್ಕು ದಾಖಲೆಗಳನ್ನು ವಾದಕ್ಕೆ ಬಳಸಿದರೆ 2, ದಾಖಲೆಗಳಲ್ಲಿ ಇಲ್ಲದ ಒಂದು ಸಾಕ್ಷ್ಯ ತಂದರೆ 1, ಎರಡು ದಾಖಲೆಗಳನ್ನು ಯಾರು, ಏಕೆ, ಯಾರಿಗಾಗಿ ಬರೆದರು ಎಂದು ಬಿಡಿಸಿ ಹೇಳಿದರೆ 1, ವಾದದ ಆಳಕ್ಕೆ 1. ಹುಡುಗರು ಎಡವುವುದು ಎಲ್ಲಿ ಎಂದರೆ, ಒಂದನೇ ದಾಖಲೆ ಹೀಗೆ ಹೇಳುತ್ತದೆ, ಎರಡನೆಯದು ಹೀಗೆ ಹೇಳುತ್ತದೆ ಎಂದು ಏಳನ್ನೂ ಸಾರಾಂಶ ಮಾಡಿ ಎದ್ದು ಬರುತ್ತಾರೆ. ಮೊದಲ ಪ್ರಶ್ನೆ ಕೇಳಿದ ಪಿ.ಜೆ. ಬಡಾವಣೆಯ ಹುಡುಗಿಯ ಕಷ್ಟವೇ ಇದು.

ನಿಮ್ಮ ಬೆಳಿಗ್ಗೆ ಆರೂವರೆ, ಮಾರ್ಚ್ ಮಧ್ಯದಿಂದ ನವೆಂಬರ್ ಮೊದಲವರೆಗೆ, ಅವನಿಗೆ ಹಿಂದಿನ ರಾತ್ರಿ ಒಂಬತ್ತು. ಚಳಿಗಾಲದಲ್ಲಿ ಎಂಟು. ದಿನಕ್ಕೆ ಒಂದೇ ದಾಖಲೆ ಓದಿಸಿ, ಇಪ್ಪತ್ತು ನಿಮಿಷ. ನೀವು ಉತ್ತರ ಹೇಳಬೇಡಿ, ನಾಲ್ಕು ಪ್ರಶ್ನೆ ಕೇಳಿ ಸಾಕು: ಇದನ್ನು ಬರೆದವರು ಯಾರು? ಆಗ ಏನು ನಡೆಯುತ್ತಿತ್ತು? ಯಾರನ್ನು ಒಪ್ಪಿಸಲು ಬರೆದರು? ಇದರಿಂದ ನಿನ್ನ ವಾದಕ್ಕೆ ಏನು ಬಲ ಬಂತು? ಅವನು ಕನ್ನಡದಲ್ಲಿ ಉತ್ತರಿಸಿದರೂ ನಡೆಯುತ್ತದೆ. ಅಜ್ಜನಿಗೆ ಅರ್ಥವಾಗುವ ಹಾಗೆ ಹೇಳಲು ಬಂದರೆ ಪರೀಕ್ಷೆಯಲ್ಲಿ ಬರೆಯಲೂ ಬರುತ್ತದೆ. ವಾರಕ್ಕೊಂದು ಸಲ ಗಡಿಯಾರ ಇಟ್ಟು ಪೂರ್ತಿ ಒಂದು ಗಂಟೆ ಬರೆಸಿ. ಹಿಂದಿನ ವರ್ಷಗಳ ಪ್ರಬಂಧ ಪ್ರಶ್ನೆಗಳನ್ನೂ ಅಂಕ ಕೊಡುವ ಕ್ರಮವನ್ನೂ ಪರೀಕ್ಷೆ ನಡೆಸುವ ಕಾಲೇಜ್ ಬೋರ್ಡ್ ತನ್ನ ಜಾಲತಾಣದಲ್ಲಿ ಉಚಿತವಾಗಿ ಹಾಕುತ್ತದೆ.

ಪ್ರಶ್ನೆ: ಪರೀಕ್ಷೆಯಲ್ಲಿ ಸಮಯ ಸಾಲುವುದಿಲ್ಲ, ಕೊನೆಗೆ ನಕ್ಷೆ ಬಿಟ್ಟೇ ಬಿಡುತ್ತೇನೆ. ಏನು ಮಾಡಲಿ?
– ವಿದ್ಯಾರ್ಥಿನಿ, ಹೊಳಲ್ಕೆರೆ

ಉತ್ತರ: ಅಂಕಕ್ಕೆ ಎರಡು ನಿಮಿಷ. 2 ಅಂಕದ್ದಕ್ಕೆ ನಾಲ್ಕು, 5 ಅಂಕದ್ದಕ್ಕೆ ಹತ್ತು, 10 ಅಂಕದ್ದಕ್ಕೆ ಇಪ್ಪತ್ತು. 10 ಅಂಕಕ್ಕೆ ಎರಡೂವರೆ ಪುಟ ಧಾರಾಳ. ಬರೆಯುವ ಮೊದಲು ಕೊನೆಯ ಪುಟದಲ್ಲಿ ಇಸವಿಗಳನ್ನಷ್ಟೇ ಪೆನ್ಸಿಲ್ಲಿನಲ್ಲಿ ಸಾಲಾಗಿ ಹಾಕಿಕೊಳ್ಳಿ, ಒಂದು ನಿಮಿಷ ಹೋದರೂ ನಡುವೆ ಪೆನ್ನು ನಿಲ್ಲುವುದಿಲ್ಲ. 2 ಅಂಕದ ಪ್ರಶ್ನೆಗಳಿಗೆ ಅರ್ಧ ಪುಟ ಬರೆಯುವ ಚಟ ಇದ್ದರೆ ಬಿಡಿ, ಸಮಯ ತಿನ್ನುವುದು ಅದೇ.

ನಕ್ಷೆಯನ್ನು ಕೊನೆಗೆ ಇಡದೆ, ಒಂದು ದೊಡ್ಡ ಉತ್ತರ ಮುಗಿದು ಕೈ ಸೋತಾಗ ಮಾಡಿ. ಈ ಪಾಠದ ಊರುಗಳೆಲ್ಲ ಅಮೆರಿಕದ ಪೂರ್ವ ಭಾಗದಲ್ಲೇ ಇವೆ. ಕರಾವಳಿಯ ಗುಂಟ ಮೇಲಿನಿಂದ ಕೆಳಕ್ಕೆ ಬಾಸ್ಟನ್, ನ್ಯೂಯಾರ್ಕ್, ಸ್ವಲ್ಪ ಒಳಗೆ ಫಿಲಡೆಲ್ಫಿಯಾ, ಇನ್ನೂ ಕೆಳಗೆ ಚೆಸಪೀಕ್ ಕೊಲ್ಲಿಯ ಬಾಯಿಯ ಹತ್ತಿರ ಯಾರ್ಕ್‌ಟೌನ್. ಸರಟೋಗ ಸಮುದ್ರದ ಮೇಲಿಲ್ಲ, ನ್ಯೂಯಾರ್ಕ್ ನಗರದಿಂದ ಉತ್ತರಕ್ಕೆ ಒಳನಾಡಿನಲ್ಲಿದೆ. ಲೆಕ್ಸಿಂಗ್ಟನ್ ಬಾಸ್ಟನ್ನಿಗೆ ಅಂಟಿಕೊಂಡಂತೆಯೇ ಇರುವುದರಿಂದ ಎರಡಕ್ಕೂ ಒಂದೇ ಚುಕ್ಕೆ ಹಾಕಬೇಡಿ, ಬಾಸ್ಟನ್ನಿನ ಚುಕ್ಕೆಯ ಎಡಕ್ಕೆ ಸ್ವಲ್ಪ ಬಿಟ್ಟು ಇನ್ನೊಂದು ಹಾಕಿ, ಹೆಸರನ್ನು ಸಮುದ್ರದ ಕಡೆ ಗೆರೆ ಎಳೆದು ಬರೆಯಿರಿ. 13 ವಸಾಹತುಗಳನ್ನು ತೋರಿಸಿ ಎಂದರೆ ಇಂದಿನ ಅಮೆರಿಕ ಪೂರ್ತಿ ಬಣ್ಣ ತುಂಬುವವರಿದ್ದಾರೆ. ವಸಾಹತುಗಳಿದ್ದದ್ದು ಸಮುದ್ರಕ್ಕೂ ಅಪಲೇಷಿಯನ್ ಪರ್ವತಕ್ಕೂ ನಡುವಿನ ಪಟ್ಟಿಯಲ್ಲಿ. ಉತ್ತರದಲ್ಲಿ ನ್ಯೂ ಹ್ಯಾಂಪ್‌ಶೈರ್, ದಕ್ಷಿಣದ ತುದಿಗೆ ಜಾರ್ಜಿಯಾ. ಅದರ ಕೆಳಗಿನ ಫ್ಲಾರಿಡಾ ಈ ಹದಿಮೂರರಲ್ಲಿ ಸೇರಿಲ್ಲ, ಅದನ್ನು ಖಾಲಿ ಬಿಡಿ.